ಒಂದು ಉಸಿರಿನ ಫರಕು

ಹೋದ ತಿಂಗಳು ಖಾನಾಪುರದ ನಮ್ಮ ಶಾಲೆಯಲ್ಲಿ ಸರ್ ಅವರ ಶೋಕಸಭೆ ಆಯಿತು. ಎದ್ದು ನಿಂತವರೆಲ್ಲ ಅವರ ಸೌಜನ್ಯದ ಮೇಲೇ ಮಾತಾಡಿದರು. "ಎಂಥಾ ದೊಡ್ಡ ಮನಶ್ಯಾರ್ರೀ ಅವ್ರು! ಸಾಲಿ ಮುಂದ ಗಾಡಿ ನಿಂತ್ರ ಮೊದಲ ತಾವ ಇಳದು, ಸುತ್ತ ಹಾಕಿ ಬಂದು, ನಮ್ಮ ಬಾಗಲಾ ತಗೀತಿದ್ರು. ನಾ ಆಗ ನೌಕರಿಗೆ ಹೊಸಾಕಿ. ನನಗೂ ತಗದ್ರು," ಎಂದು ಇತಿಹಾಸದ ಟೀಚರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಂದಿನ ಬೆಂಚಿನಲ್ಲಿ ಕುಂತಿದ್ದ ನಾನು ಗೋಣು ಹಾಕಿದೆ. ಆ ಗಾಡಿಯ ನಾಲ್ಕು ಬಾಗಿಲುಗಳಲ್ಲಿ ಮೂರು ಒಳಗಿನಿಂದ ತೆರೆಯುತ್ತಲೇ ಇರಲಿಲ್ಲ. ಸರ್ ಇಳಿದು ಬಂದು ತೆಗೆಯದಿದ್ದರೆ ಇತಿಹಾಸದ ಟೀಚರು ಸಂಜೆಯ ತನಕ ಒಳಗೇ ಕುಂತಿರಬೇಕಾಗುತ್ತಿತ್ತು. ಸತ್ತವರ ಸಭೆಯಲ್ಲಿ ಅದನ್ನು ಹೇಳುವುದು ಚಂದ ಅಲ್ಲ ಎಂದು ಬಾಯಿ ಮುಚ್ಚಿಕೊಂಡೆ. ಇಲ್ಲಿ ಹೇಳುತ್ತೇನೆ.

ಅವರು ಕನ್ನಡ ಮಾಸ್ತರು, ನಾನು ಗಣಿತದಾಕೆ. ಇಬ್ಬರ ಮನೆಯೂ ಬೆಳಗಾವಿಯ ಹಿಂದವಾಡಿಯಲ್ಲಿ, ನಡುವೆ ಎರಡು ಗಲ್ಲಿ ಅಷ್ಟೇ. ನಾನು ಖಾನಾಪುರದ ಹೈಸ್ಕೂಲಿಗೆ ವರ್ಗವಾಗಿ ಬಂದ ಮೊದಲ ವಾರ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಒಂದು ಕಾರು ಗಡಗಡ ನಡುಗುತ್ತ ಬಂದು ನನ್ನ ಮುಂದೆ ನಿಂತಿತು. ನಿಂತ ಮೇಲೂ ನಡುಗುತ್ತಲೇ ಇತ್ತು.

"ಎಲ್ಲಿಗೆ ಹೊಂಟೀರಿ ಅಕ್ಕಾರ?"

"ಕಾನಾಪುರಕ್ಕರೀ ಸರ್."

"ಕಾನಾಪುರ ಎಲ್ಲಿ ಐತೋ ನನಗ ಗೊತ್ತಿಲ್ಲ. ಖಾನಾಪುರಕ್ಕ ಬರೂದಿದ್ರ ಹತ್ತರಿ."

ನನಗೆ ಮೈಯೆಲ್ಲ ಉರಿಯಿತು. ಹತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದಾಕೆ ನಾನು, ರಸ್ತೆಯ ಮೇಲೆ ನಿಲ್ಲಿಸಿ ನನಗೇ ಅಕ್ಷರ ಕಲಿಸಲಿಕ್ಕೆ ಇವರ್ಯಾರು? ಆದರೆ ಬಸ್ಸಿನ ಸುಳಿವಿರಲಿಲ್ಲ. ಹೊಟ್ಟೆಯೊಳಗಿನ ಸಿಟ್ಟನ್ನೆಲ್ಲ ಸೇರಿಸಿ "ಖಾನಾಪುರ" ಅಂದೆ.

"ಬಂತು. ಕುಂದರ್ರಿ," ಅಂದರು.

ಶಾಲೆ ಮುಟ್ಟಿದ ಮೇಲೆ ಇಳಿದು, ಸುತ್ತು ಹಾಕಿ ಬಂದು, ನನ್ನ ಬಾಗಿಲು ತೆಗೆದರು. ಖರೇ ಹೇಳಬೇಕೆಂದರೆ ನಾನೂ ಅವತ್ತು ಅದನ್ನು ಸೌಜನ್ಯ ಎಂದೇ ತಿಳಿದಿದ್ದೆ. ಬೆಳಗಿನ ಸಿಟ್ಟು ಅರ್ಧ ಇಳಿಯಿತು. ಮುಂದೆ ಹನ್ನೊಂದು ವರ್ಷ ಅದೇ ಗಾಡಿಯಲ್ಲಿ ಹೋಗಿ ಬಂದೆ.

ಅವರ ಕ್ಲಾಸಿನಲ್ಲಿ ಎಂಟನೇತ್ತೆ ಮಕ್ಕಳು ಮೊದಲ ತಿಂಗಳು ಪುಸ್ತಕವನ್ನೇ ತೆರೆಯುತ್ತಿರಲಿಲ್ಲ. ಒಬ್ಬೊಬ್ಬರಾಗಿ ಎದ್ದು ನಿಲ್ಲಬೇಕು, ಅಂಗೈಯನ್ನು ಬಾಯಿಯ ಮುಂದೆ ನಾಲ್ಕು ಬೆರಳು ದೂರ ಹಿಡಿಯಬೇಕು, ಅನ್ನಬೇಕು: ಬ, ಭ. ಗ, ಘ. ಅಲ್ಪಪ್ರಾಣಕ್ಕೆ ಅಂಗೈಗೆ ಏನೂ ಗೊತ್ತಾಗಬಾರದು. ಮಹಾಪ್ರಾಣಕ್ಕೆ ಉಸಿರು ಬಂದು ಬಡಿಯಬೇಕು. ಬಡಿದರೆ "ಬಂತು, ಕುಂದರು". ಬಡಿಯದಿದ್ದರೆ ನಿಂತೇ ಇರಬೇಕು. ಬೈಗುಳ ಇಲ್ಲ, ಬಡಿತ ಇಲ್ಲ, ನಿಲ್ಲುವುದಷ್ಟೇ. ಒಂದೊಂದು ದಿನ ಬಾಜೂ ಕ್ಲಾಸಿನಿಂದ ನೋಡಿದರೆ ಅರ್ಧ ಮಕ್ಕಳು ಬಾಯಿಗೆ ಕೈ ಹಿಡಿದುಕೊಂಡು ನಿಂತಿರುತ್ತಿದ್ದರು. ಏನೋ ವಾಸನೆ ಬಂದವರ ಹಾಗೆ ಕಾಣುತ್ತಿತ್ತು.

"ಒಂದ ಉಸುರಿನ ಫರಕು ಐತಿ ನೋಡ್ರಿ," ಎಂದು ಸ್ಟಾಫ್ ರೂಮಿನಲ್ಲಿ ಹೇಳುವರು. "ಉಸುರು ಬಿಟ್ರ ಧನ. ಉಸುರು ಹಿಡದ್ರ ದನಾ. ಹುಡುಗೂರು ದನಾ ಗಳಿಸೇನಿ ಅಂತ ಬರದ್ರ ನಾ ಏನ್ ಮಾಡ್ಲಿ?"

"ದನಾ ಗಳಿಸಿದ್ರ ಚಲೋನ ಅಲ್ಲೇನ್ರೀ ಸರ್, ಹೈನಾ ಆಗತೈತಿ," ಅಂದೆ ಒಮ್ಮೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಗಾಡಿಯಲ್ಲಿ ಮಾತ್ರ ಹತ್ತಿಸಿಕೊಂಡರು.

ನಮ್ಮ ಕಡೆಯ ಮಂದಿಗೆ ಮಹಾಪ್ರಾಣ ಇರುವುದು ಬರೆಯಲಿಕ್ಕೆ. ಬರೆಯುವುದು ಭಾರತ, ಅನ್ನುವುದು ಬಾರತ. ಮರಾಠಿ ಮನೆಯ ಮಕ್ಕಳಿಗೆ ಅದು ಹಾಲು ಕುಡಿಯುವಾಗಲೇ ಬಂದಿರುತ್ತದೆ. ಹೀಗಾಗಿ ಕನ್ನಡ ಕ್ಲಾಸಿನಲ್ಲಿ ಮೊದಲು ಕುಂದರುವವರೆಲ್ಲ ಮರಾಠಿ ಮನೆಯವರು, ಕಡೆಯ ತನಕ ನಿಂತಿರುವವರೆಲ್ಲ ಕನ್ನಡ ಮನೆಯವರು. ಇದು ಹೊರಗೆ ಹೇಳಿಕೊಳ್ಳುವ ಸುದ್ದಿ ಅಲ್ಲ, ಅದೂ ಖಾನಾಪುರದಂಥ ಊರಿನಲ್ಲಿ. ಒಬ್ಬ ತಾಯಿ ನೇರ ಹೆಡ್‌ಮಾಸ್ತರರ ಕೋಣೆಗೇ ಬಂದಳು. "ಕನ್ನಡ ಸರ್ ನಮ್ಮ ಹುಡುಗಿಗೆ ಬೇದಬಾವ ಮಾಡ್ತಾರ್ರಿ," ಅಂದಳು. ಸರ್ ಅಲ್ಲೇ ಇದ್ದರು. ಭಾಳ ಮೆತ್ತಗೆ, "ಭೇದಭಾವ. ಅದರಾಗ ಎರಡ ಮಹಾಪ್ರಾಣ ಅದಾವವ್ವಾ," ಅಂದರು. ಹೆಡ್‌ಮಾಸ್ತರರು ಆ ತಾಯಿಗೆ ಚಹಾ ತರಿಸಿ ಕುಡಿಸಿ ಕಳಿಸಬೇಕಾಯಿತು.

ಇಷ್ಟು ಹಟ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದ್ದೆ. ರೈಲ್ವೆ ಗೇಟು ಬಿದ್ದಿತ್ತು, ಇಂಜಿನ್ ಬಂದ್ ಮಾಡಿದರೆ ಮತ್ತೆ ಚಾಲೂ ಆಗುವ ಭರವಸೆ ಇರಲಿಲ್ಲ, ನಡುಗುತ್ತ ಕುಂತಿದ್ದೆವು. "ನಮ್ಮಪ್ಪ ಕುರಿ ಕಾಯಾಂವ," ಅಂದರು. "ಒಂದ ಅಕ್ಷರ ಓದಿದಾಂವ ಅಲ್ಲ. ಆದ್ರ ನಿಂತಲ್ಲಿಂದ ಕುರಿ ಕರದ್ರ ಎರಡ ಹೊಲಾ ದಾಟಿ ಕೇಳತಿತ್ತು. ಉಸುರು ಅಂದ್ರ ಅದು. ನಾ ಮಹಾಪ್ರಾಣ ಕಲತದ್ದು ಪುಸ್ತಕದಾಗ ಅಲ್ಲರಿ."

ಗಾಡಿಯ ಸುದ್ದಿಗೂ ಆ ಅಪ್ಪನೇ ಮೂಲ. ಅವರ ಮನೆತನದಲ್ಲಿ ನಾಲ್ಕು ಗಾಲಿಯದು ಅದೇ ಮೊದಲು. ಯಾರೋ ಹತ್ತು ವರ್ಷ ಓಡಿಸಿ ಬಿಟ್ಟದ್ದನ್ನು ಸರ್ ಕೊಂಡು ಊರಿಗೆ ಒಯ್ದಿದ್ದರು. ಅಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಗಾಡಿಯ ಸುತ್ತ ಎರಡು ಸುತ್ತು ಬಂದ. ಸಂತೆಯಲ್ಲಿ ಟಗರು ನೋಡುವಂತೆ ನೋಡಿದ. ಬಗ್ಗಿ ಗಾಲಿ ಮುಟ್ಟಿದ, ಬಾನೆಟ್ಟಿನ ಮೇಲೆ ಕೈ ಆಡಿಸಿದ. ಆಮೇಲೆ ಒಂದೇ ಮಾತು ಅಂದ: "ಬಂಗಾರ." ಒಳಗೆ ಕುಂದರಪಾ ಅಂದರೆ, ಕಾಲಿಗೆ ಕುರಿ ಹಿಕ್ಕಿ ಮೆತ್ತ್ಯಾವ ಅಂದು ಹೊರಗೇ ನಿಂತ. ಕಾಲು ತೊಳೆದು ಇನ್ನೊಮ್ಮೆ ಕುಂತರಾಯಿತು ಎಂದು ಸರ್ ಬಿಟ್ಟರು. ಇನ್ನೊಮ್ಮೆ ಎನ್ನುವುದು ಬರಲೇ ಇಲ್ಲ, ಅದೇ ವರ್ಷ ಅಪ್ಪ ತೀರಿಕೊಂಡ. ಇಷ್ಟು ಹೇಳುವಷ್ಟರಲ್ಲಿ ಗೇಟು ಎದ್ದಿತು. ಸರ್ ಗೇರು ಹಾಕಿದರು. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು ಕುಂತೆ.

ಆರ್‌ಸಿ ಪುಸ್ತಕದ ಪ್ರಕಾರ ಆ ಗಾಡಿಯ ಬಣ್ಣ ಬಿಳಿ. ಮುಂದಿನ ಕಿಟಕಿಯ ಗಾಜು ತಾನೇ ಕೆಳಗೆ ಇಳಿಯುತ್ತಿತ್ತು. ಏರಿಸಿ ನಿಲ್ಲಿಸಲಿಕ್ಕೆ ಸರ್ ಸಂದಿಯಲ್ಲಿ ಹಳೆಯ ಉತ್ತರಪತ್ರಿಕೆ ಮಡಿಚಿ ತುರುಕುತ್ತಿದ್ದರು. ದಪ್ಪ ಉತ್ತರ ಬರೆದವರ ಪೇಪರೇ ಬೇಕು, ತೆಳ್ಳಗಿನದು ನಿಲ್ಲುವುದಿಲ್ಲ. ಸ್ಟಿಯರಿಂಗ್ ಎಡಕ್ಕೆ ಹೊರಳಿಸಿದರೆ ಹಾರ್ನ್ ತಾನೇ ಒದರುತ್ತಿತ್ತು. ಬಲಕ್ಕೆ ಹೊರಳಿಸಿದರೆ ಇಲ್ಲ, ಬೇಕೆಂದು ಒತ್ತಿದರಂತೂ ಇಲ್ಲವೇ ಇಲ್ಲ. ನಮ್ಮ ಶಾಲೆ ರಸ್ತೆಯ ಎಡಕ್ಕಿದೆ. ಹಾರ್ನ್ ಕೇಳಿದ ಕೂಡಲೇ ಪ್ಯೂನ್ ಗಂಟೆ ಹೊಡೆಯುವುದು ರೂಢಿಯಾಗಿ ಬಿಟ್ಟಿತ್ತು. ಒಂದು ದಿನ ಗಾಡಿ ಮಚ್ಛೆಯ ಹತ್ತಿರ ಕೆಟ್ಟು ನಿಂತದ್ದಕ್ಕೆ ಇಡೀ ಶಾಲೆ ಅರ್ಧ ತಾಸು ತಡವಾಗಿ ಸುರುವಾಯಿತು. ಹೆಡ್‌ಮಾಸ್ತರರು ಸರ್‌ಗೆ ಲೇಖಿ ಕಾರಣ ಕೇಳಿದರು. ಸರ್ ಎರಡು ಪುಟ ಬರೆದು ಕೊಟ್ಟರು. ಹೆಡ್‌ಮಾಸ್ತರರು ಓದಿ, ಒಂದೂ ಕಾಗುಣಿತದ ತಪ್ಪು ಸಿಗದೆ, ಫೈಲಿಗೆ ಹಾಕಿದರು.

ಇನ್ನು ಪರಶುರಾಮ. ಗುಂಜಿಯವನು, ಮನೆಮಾತು ಮರಾಠಿ, ಸರ್ ಅವರ ಹಳೆಯ ವಿದ್ಯಾರ್ಥಿ. ಎಂಟನೇತ್ತೆಯಲ್ಲಿ ಎಲ್ಲರಿಗಿಂತ ಮೊದಲು "ಬಂತು, ಕುಂದರು" ಅನ್ನಿಸಿಕೊಂಡವನು. ಖಾನಾಪುರದಲ್ಲಿ ಗ್ಯಾರೇಜು ಹಾಕಿದ. ಸರ್ ತಮ್ಮ ಗಾಡಿಯನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಅವನು ಪ್ರತಿ ಸಲ ಗಾಡಿಯ ಕೆಳಗಿನಿಂದ ಹೊರಗೆ ಬಂದು, ಕೈ ಒರೆಸಿಕೊಳ್ಳುತ್ತ ಅದೇ ಮಾತು ಹೇಳುತ್ತಿದ್ದ.

"ಸರ್, ಗಾಡಿ ಪೂರಾ ಭಂಗಾರ ಆಗೈತ್ರಿ. ರಿಪೇರಿಗೆ ಹಾಕೂದು ದಂಡ."

"ಹೌದಪಾ, ಬಂಗಾರನ ಐತಿ."

"ಬಂಗಾರ ಅಲ್ರೀ ಸರ್, ಭಂಗಾರ. ಭ. ನೀವ ಕಲಿಸೀರಿ."

"ಕನ್ನಡ ವಾಕ್ಯದಾಗ ಮರಾಠಿ ಶಬ್ದ ಸೇರಸಬ್ಯಾಡ. ಬ್ರೇಕ್ ನೋಡು."

ಮರಾಠಿಯಲ್ಲಿ ಭಂಗಾರ ಎಂದರೆ ಮೋಡಕಾ ಸಾಮಾನು, ತೂಕಕ್ಕೆ ಹಾಕುವ ಹಳೆ ಕಬ್ಬಿಣ. ನಮ್ಮಲ್ಲಿ ಬಂಗಾರ ಎಂದರೆ ಬಂಗಾರ. ನಮ್ಮ ಬೆಳಗಾವಿಯಲ್ಲಿ ಎರಡೂ ಶಬ್ದ ಒಂದೇ ಗಲ್ಲಿಯಲ್ಲಿ ಓಡಾಡುತ್ತವೆ, ನಡುವೆ ಇರುವುದು ಆ ಒಂದು ಉಸಿರು. ಊರಿಗೆಲ್ಲ ಮಹಾಪ್ರಾಣ ಕಲಿಸಿದ ಮನುಷ್ಯ ಇದೊಂದು ಮಹಾಪ್ರಾಣವನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ. ಕೇಳದೆ ಅಲ್ಲ. ಕೇಳಿಯೇ.

ಪರಶುರಾಮನ ಲಗ್ನಕ್ಕೆ ಗುಂಜಿಗೆ ಹೋದದ್ದೂ ಅದೇ ಗಾಡಿಯಲ್ಲಿ. ಊರು ಇನ್ನೂ ಸ್ವಲ್ಪ ದೂರ ಇರುವಾಗ, ಎರಡೂ ಕಡೆ ಕಾಡು, ಗಾಡಿ ಉಸಿರೇ ಬಿಡದೆ ನಿಂತಿತು. ಸರ್ ಫೋನು ಹಚ್ಚಿದರು. ಅರ್ಧ ತಾಸಿಗೆ ಮದುಮಗನೇ ಮೋಟರ್‌ಸೈಕಲ್ ಮೇಲೆ ಬಂದ. ಹಣೆಗೆ ಬಾಸಿಂಗ ಕಟ್ಟಿತ್ತು, ಮೈಗೆ ಅರಿಷಿಣ ಮೆತ್ತಿತ್ತು. ಬಾಸಿಂಗವನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು ಗಾಡಿಯ ಕೆಳಗೆ ಹೋದ. ಅಲ್ಲಿ ಅಕ್ಷತೆಯ ಹೊತ್ತು ಮೀರುತ್ತಿತ್ತು, ಇಲ್ಲಿ ನಾನು ಕಾಡಿನಲ್ಲಿ ಯಾರದೋ ಬಾಸಿಂಗ ಹಿಡಿದು ನಿಂತಿದ್ದೆ. ಹೊರಗೆ ಬಂದಾಗ ಅರಿಷಿಣದ ಮೇಲೆ ಕರಿ ಎಣ್ಣೆ ಬಳಿದಿತ್ತು. "ಸರ್, ಇವತ್ತರ ಒಪ್ಪಗೋರಿ. ಭಂಗಾರ ಆಗೈತ್ರಿ," ಅಂದ.

"ಆಗ್ಲಿ ಬಿಡು, ಲಗ್ನಕ್ಕ ಬಂಗಾರ ಬ್ಯಾಡೇನು?" ಅಂದರು ಸರ್.

ನಿವೃತ್ತಿಯಾದ ಮೇಲೆ ಗಾಡಿ ಬಿಡುತ್ತಾರೆ ಎಂದು ನಾವೆಲ್ಲ ತಿಳಿದಿದ್ದೆವು. ಬಿಡಲಿಲ್ಲ. ವಾರಕ್ಕೊಮ್ಮೆ ಹಿಂದವಾಡಿಯಿಂದ ಖಾನಾಪುರಕ್ಕೆ ಹೋಗುವರು, ಯಾಕೆಂದರೆ ಗಾಡಿ ರಿಪೇರಿ ಇತ್ತು. ಗಾಡಿ ಯಾಕೆ ರಿಪೇರಿಗೆ ಬಂತೆಂದರೆ ಹೋದ ವಾರ ಖಾನಾಪುರಕ್ಕೆ ಹೋಗಿ ಬಂದಿತ್ತು. "ಬೆಳಗಾವ್ಯಾಗ ಗ್ಯಾರೇಜ್ ಇಲ್ಲೇನ್ರೀ?" ಎಂದು ಕೇಳಿದರೆ, "ಇಲ್ಲಿಯವರಿಗೆ ಮಹಾಪ್ರಾಣ ಬರಂಗಿಲ್ಲ," ಅನ್ನುವರು. ಹೋದವರು ಗ್ಯಾರೇಜಿನ ಮುಂದೆ ಸ್ಟೂಲು ಹಾಕಿಕೊಂಡು ಕುಂತು, ಬರುವ ಹೋಗುವ ಹಳೆಯ ವಿದ್ಯಾರ್ಥಿಗಳನ್ನೆಲ್ಲ ನಿಲ್ಲಿಸಿ ಮಾತಾಡಿಸುವರು. ನಲವತ್ತು ವರ್ಷದ ಕಂಡಕ್ಟರ್ ಒಬ್ಬ ಬಾಯಿಯ ಮುಂದೆ ಅಂಗೈ ಹಿಡಿದು "ಘ" ಅನ್ನುತ್ತ ನಿಂತದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಬಸ್ಸು ಕಾಯುತ್ತಿತ್ತು.

ಆಮೇಲೆ ಗಾಡಿಯ ಪಾಸಿಂಗ್, ಅಂದರೆ ರಸ್ತೆಯ ಮೇಲೆ ಓಡಿಸುವ ಆರ್‌ಟಿಓ ಪರವಾನಗಿ, ಮುಗಿಯಿತು. ಇನ್ನೊಮ್ಮೆ ಪಾಸಿಂಗ್ ಆಗಬೇಕಾದರೆ ಇಂಜಿನ್ನಿನಿಂದ ಹಿಡಿದು ನೆಲದ ತಗಡಿನ ತನಕ ಹೊಸದು ಹಾಕಿಸಬೇಕು, ಅಷ್ಟರಲ್ಲಿ ಬೇರೆ ಗಾಡಿಯೇ ಬರುತ್ತದೆ ಎಂದು ಪರಶುರಾಮ ಬಿಡಿಸಿ ಹೇಳಿದ. "ನೋಡೂಣು," ಅಂದರು ಸರ್. ಗಾಡಿಯನ್ನು ತಮ್ಮ ಮನೆಯ ಅಂಗಳಕ್ಕೆ ತಂದು ನಿಲ್ಲಿಸಿದರು. ಹಿಂದವಾಡಿಯ ಅಂಗಳ ಎಂದರೆ ಏನು, ಗಾಡಿ ನಿಂತರೆ ಅಂಗಳ ಮುಗಿಯಿತು. ಅವರ ಹೆಂಡತಿ, ನಾನು ವೈನಿ ಅನ್ನುತ್ತೇನೆ, ತುಳಸಿಗೆ ನೀರು ಹಾಕಲಿಕ್ಕೆ ಅಡ್ಡಡ್ಡ ನಡೆಯುವುದನ್ನು ರೂಢಿ ಮಾಡಿಕೊಂಡರು.

ಹೋದ ವರ್ಷ ಸರ್‌ಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಜೊತೆಗೆ ಮಾತು. ನಾನು ದವಾಖಾನೆಗೆ ಹೋದಾಗ ವೈನಿ ಹೊರಗಿನ ಬೆಂಚಿನ ಮೇಲೆ ಕುಂತಿದ್ದರು. ಮುಖ ಅತ್ತು ಕೆಂಪಾಗಿತ್ತು, ಆದರೆ ಏನೋ ನಾಚಿಕೆಯೂ ಇತ್ತು.

"ಇವತ್ತ ಬಾಯಿ ಬಿಟ್ಟರ್ರಿ ಅಕ್ಕಾರ. ನನ್ನ ಮಾರಿ ನೋಡಿ, ಬಂಗಾರ ಅಂದ್ರು. ಲಗ್ನ ಆದಾಗಿಂದ ಒಂದ ದಿನಾ ಅಂದವರಲ್ಲ."

ನಾನು ಒಳಗೆ ಹೋದೆ. ಸರ್ ನನ್ನ ಮುಖ ನೋಡಿಯೂ "ಬಂಗಾರ" ಅಂದರು. ನರ್ಸಿಗೂ ಅಂದರು. ಇದ್ದ ಒಂದೇ ಶಬ್ದ ಅದು. ಕಣ್ಣು ಕಿಟಕಿಯ ಕಡೆ, ಕೆಳಗೆ ಗಾಡಿಗಳು ನಿಲ್ಲುವ ಜಾಗದ ಕಡೆ ಇತ್ತು. ಹೊರಗೆ ಬಂದು ವೈನಿಯ ಬಾಜೂ ಕುಂತೆ. "ಖರೇನ ವೈನಿ, ನಿಮಗ ಅಂದಾರ," ಅಂದೆ. ಗಣಿತದಾಕೆಯಾದರೂ ಸುಳ್ಳು ಹೇಳಲಿಕ್ಕೆ ಬರುತ್ತದೆ.

ಅದೇ ವಾರ ನಾನೊಂದು ತಪ್ಪು ಮಾಡಿದೆ. ಸರ್ ಮನೆಗೆ ಬಂದ ಮೇಲೆ ದಿನಾ ಸಪಾಟು ನೆಲದ ಮೇಲೆ ನಡೆಸಬೇಕು, ಇಲ್ಲದಿದ್ದರೆ ಕಾಲು ಹಾಗೇ ಕೂತು ಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಸಪಾಟು ನೆಲ ಇದ್ದದ್ದು ಅಂಗಳ ಒಂದೇ, ಅಲ್ಲಿ ಗಾಡಿ. "ಸರ್ ಇಲ್ಲಿರೂದ್ರೊಳಗ ಪರಶುರಾಮಗ ಹೇಳಿ ಗಾಡಿ ಒಯ್ಯಿಸಿ ಬಿಡೂಣ್ರಿ ವೈನಿ," ಅಂದೆ. "ಬಂದು ನೋಡಿ ಒಂದ ದಿನ ಬ್ಯಾಸರಾ ಮಾಡಕೋತಾರ, ಮುಗೀತು."

ವೈನಿ ನನ್ನನ್ನೇ ನೋಡಿದರು. "ನೀವು ಗಣಿತದವರು. ಕಳಿಯೂದು ನಿಮಗ ಸಸಾರ. ಆ ಮನಶ್ಯಾನ ಕೈ ಹೋತು, ಕಾಲ ಹೋತು, ಮಾತ ಹೋತು. ಯಾವುದೂ ಅವರನ ಕೇಳಿ ಹೋಗಲಿಲ್ಲ. ಗಾಡೀರೆ ಕೇಳಿ ಹೋಗ್ಲಿ. ಅವರ ಬಾಯಿಂದ ಬರೂತನಕ ಒಂದ ಸ್ಕ್ರೂ ಹೊರಗ ಹೋಗಂಗಿಲ್ಲ."

ಪರಶುರಾಮನಿಗೆ ಹಚ್ಚಲಿಕ್ಕೆ ತೆಗೆದಿದ್ದ ಫೋನನ್ನು ನಾನು ತಿರುಗಿ ಚೀಲಕ್ಕೆ ಹಾಕಿದೆ.

ಆದರೆ ಬಾಯಿಂದ ಬರಬೇಕಲ್ಲ! ಗೋಣು ಹಾಕಿದರು ಎಂದು ನಂಬುವಂತಿರಲಿಲ್ಲ, ಚಹಾ ಬೇಕೇ ಎಂದರೂ ಗೋಣು ಹಾಕುವರು, ಬೇಡವೇ ಎಂದರೂ ಹಾಕುವರು. ಸರ್ ಮನೆಗೆ ಬಂದ ಮೇಲೆ ಪರಶುರಾಮ ಒಂದು ದಿನ ಬಂದು ಮಂಚದ ಹತ್ತಿರ ಕುಂತು, "ಸರ್, ಗಾಡಿ ಏನ್ ಮಾಡೂಣ್ರಿ?" ಎಂದು ಕೇಳಿದ. ಸರ್ ಭಾಳ ಹೊತ್ತು ಬಾಯಿ ಕೂಡಿಸಿದರು. "ಬಂಗಾರ," ಅಂದರು.

"ಭಂಗಾರಕ್ಕ ಹಾಕು ಅಂದ್ರು," ಅಂದ ಪರಶುರಾಮ.

"ಬಂಗಾರ ಐತಿ, ಮುಟ್ಟಬ್ಯಾಡ ಅಂದ್ರು," ಅಂದೆ ನಾನು.

ವೈನಿ ಇಬ್ಬರ ಮುಖವನ್ನೂ ನೋಡಿ ಒಳಗೆ ಹೋದರು. ಲಕ್ವಾ ಹೊಡೆದವರ ಬಾಯಲ್ಲಿ ಮಹಾಪ್ರಾಣ ಉಳಿದಿರಲಿಲ್ಲ. ಆ ಒಂದು ಉಸಿರು ಇಲ್ಲದ್ದಕ್ಕೆ ಗಾಡಿ ಅಲ್ಲೇ ನಿಂತಿತು. ಸರ್ ಮಂಚದ ಮೇಲೆ ಕುಂತರು. ಕಾಲು ದಿನದಿಂದ ದಿನಕ್ಕೆ ಬಿಗಿಯುತ್ತ ಬಂತು.

ಅಡುಗೆಮನೆಯಲ್ಲಿ ವೈನಿ ಚಹಾಕ್ಕೆ ಶುಂಠಿ ಜಜ್ಜುತ್ತಿದ್ದರು. "ಬಂಗಾರ ಅನ್ನೂದು ಗಾಡಿಗೆ ಅಂತ ನನಗ ಗೊತ್ತಿಲ್ಲೇನ್ರೀ ಅಕ್ಕಾರ," ಅಂದರು, ತಲೆ ಎತ್ತದೆ. "ದವಾಖಾನ್ಯಾಗನ ಗೊತ್ತಿತ್ತು. ಒಂದ ನಾಕ ದಿನ ನನಗ ಅಂದಾರ ಅಂತ ಇಟಗೊಂಡೆ." ನಾನು ಕಪ್ಪುಗಳನ್ನು ಮತ್ತೊಮ್ಮೆ ತೊಳೆದೆ.

ಆವತ್ತಿನಿಂದ ಪ್ರತಿ ರವಿವಾರ ನಾನು ಅವರ ಮನೆಗೆ ಹೋಗತೊಡಗಿದೆ. ಮಾತು ಕಲಿಸುವ ಡಾಕ್ಟರು ಕಾಗದದ ಚೂರು ಊದಿಸಿರಿ, ಉಸಿರು ಬಿಡಿಸಿರಿ ಎಂದು ಹೇಳಿದ್ದರು. ಸರ್ ತಾವಾಗಿ ಅನ್ನುತ್ತಿದ್ದದ್ದು ಬಂಗಾರ ಒಂದೇ, ಬೇರೆ ಶಬ್ದ ಹೇಳಿಕೊಟ್ಟರೆ ಮಾತ್ರ ತಡವರಿಸುತ್ತ ಅನ್ನುವರು. ನನಗೆ ಗೊತ್ತಿದ್ದದ್ದು ಒಂದೇ ಪದ್ಧತಿ. ಸರ್ ಅವರ ಬಾಯಿಯ ಮುಂದೆ ನನ್ನ ಅಂಗೈ ಹಿಡಿದೆ, ನಾಲ್ಕು ಬೆರಳು ದೂರ. "ಖಾನಾಪುರ ಅನ್ರಿ ಸರ್."

"ಕಾ...ನಾಪುರ."

"ಕಾನಾಪುರ ಎಲ್ಲಿ ಐತೋ ನನಗ ಗೊತ್ತಿಲ್ರಿ. ಖಾನಾಪುರಕ್ಕ ಬರೂದಿದ್ರ ಹತ್ತರಿ."

ಸರ್ ಅರ್ಧ ಬಾಯಿಯಿಂದ ನಕ್ಕರು. ಇನ್ನರ್ಧ ಸುಮ್ಮನಿತ್ತು. ಕಣ್ಣಿನಿಂದ ನೀರು ಮಾತ್ರ ಎರಡೂ ಕಡೆ ಬಂತು. ನನಗೂ ತಡೆಯಲಾಗಲಿಲ್ಲ. ಹನ್ನೊಂದು ವರ್ಷ ಹಿಂದಿನ ಸೀಟಿನಲ್ಲಿ ಕುಂತು ಈ ಮನುಷ್ಯನನ್ನು ಒಳಗೊಳಗೆ ಬೈದಿದ್ದೆ, ಈಗ ಅವರ ಬಾಯಿಂದ ಒಂದು "ಖ" ಬರಲಿ ಎಂದು ದೇವರಿಗೆ ಹರಕೆ ಹೊತ್ತಿದ್ದೆ. ಹರಕೆ ಹೊತ್ತದ್ದನ್ನು ಯಾರಿಗೂ ಹೇಳಿಲ್ಲ. ಇಪ್ಪತ್ತಕ್ಕಿಂತ ಹೆಚ್ಚು ರವಿವಾರ ಹೋದೆ. ಅಂಗೈಗೆ ಏನೂ ಬಡಿಯಲಿಲ್ಲ.

ಮಳೆಗಾಲ ಹತ್ತಿರ ಬಂತು. ಒಂದು ರವಿವಾರ ಬೆಳಿಗ್ಗೆ ಪರಶುರಾಮ ಯಾವುದೋ ಕೆಲಸಕ್ಕೆ ಬೆಳಗಾವಿಗೆ ಬಂದವನು, ಗಾಡಿ ಎಳೆಯುವ ಟೆಂಪೊವನ್ನು ಗಲ್ಲಿಯ ತುದಿಯಲ್ಲಿ ನಿಲ್ಲಿಸಿ ಮನೆಗೆ ಬಂದ. ಗಾಡಿಯ ಕೆಳ ತಗಡು ತುಕ್ಕು ತಿಂದು ಹೋಗಿದೆ, ಈ ಮಳೆ ಬಿದ್ದರೆ ಎಳೆಯಲಿಕ್ಕೂ ಬರುವುದಿಲ್ಲ, ಇಲ್ಲೇ ತುಂಡು ಮಾಡಬೇಕಾಗುತ್ತದೆ ಎಂದು ಬಾಗಿಲಲ್ಲಿ ನಿಂತು ಮೆಲ್ಲಗೆ ವೈನಿಗೆ ಹೇಳಿದ. ಮೆಲ್ಲಗೆ ಹೇಳಿದರೂ ಅವನದು ಪ್ರತಿ ಅಕ್ಷರ ಸ್ಪಷ್ಟ. ಸರ್‌ಗೆ ಕೇಳಿತು.

ಎಡಗೈಯಲ್ಲಿ ಕೋಲು ಊರಿಕೊಂಡು ಎದ್ದರು. ನಾವು ಹಿಡಿಯಲಿಕ್ಕೆ ಹೋದರೆ ಕೋಲು ಬೀಸಿದರು. ಹೊಸ್ತಿಲು ದಾಟಿ, ಮೆಟ್ಟಿಲು ಇಳಿದು ಅಂಗಳಕ್ಕೆ ಬಂದರು. ಅಂಗಳದಲ್ಲಿ ಅಡ್ಡಡ್ಡ ನಡೆಯುವಷ್ಟೇ ಜಾಗ. ಗಾಡಿಗೆ ಮೈ ಆನಿಸಿಕೊಂಡು ಒಂದು ಸುತ್ತು ಬಂದರು. ಅದಕ್ಕೇ ಹತ್ತು ನಿಮಿಷ ಹಿಡಿಯಿತು. ಬಾನೆಟ್ಟಿನ ಮೇಲೆ ಕೈ ಆಡಿಸಿದರು. ಗಾಲಿ ಮುಟ್ಟಲಿಕ್ಕೆ ಬಗ್ಗಲು ಹೋದರು, ಆಗಲಿಲ್ಲ, ಕೋಲಿನಿಂದ ಮುಟ್ಟಿದರು. ಅವರ ಅಪ್ಪ ಹೇಗೆ ನೋಡಿದ್ದ ಎಂದು ನಾನು ಕಂಡವಳಲ್ಲ, ಆದರೆ ಹೀಗೇ ನೋಡಿರಬೇಕು.

ಆಮೇಲೆ ನನ್ನ ಮುಂದೆ ಬಂದು ನಿಂತರು. ಕೋಲನ್ನು ಗಾಡಿಗೆ ಆನಿಸಿ, ಎಡಗೈಯಿಂದ ನನ್ನ ಮುಂಗೈ ಹಿಡಿದರು. ನನ್ನ ಅಂಗೈಯನ್ನು ಎತ್ತಿ ತಮ್ಮ ಬಾಯಿಯ ಮುಂದೆ ತಂದರು. ನಾಲ್ಕು ಬೆರಳು ದೂರ ಇದೆಯೋ ಇಲ್ಲವೋ ಎಂದು ನೋಡಿ, ಸ್ವಲ್ಪ ಹಿಂದೆ ಸರಿಸಿದರು. ವೈನಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡಿದ್ದರು. ಪರಶುರಾಮ ಉಸಿರು ಹಿಡಿದಿದ್ದ. ಸರ್ ಕಣ್ಣು ಮುಚ್ಚಿದರು, ಹೊಟ್ಟೆ ಒಳಗೆ ಹೋಯಿತು.

"ಭಂಗಾರ."

ಅಂಗೈಗೆ ಬಂದು ಬಡಿಯಿತು. ಬಿಸಿ ಇತ್ತು. ಎರಡು ಹೊಲ ದಾಟುವಷ್ಟಲ್ಲ, ನಾಲ್ಕು ಬೆರಳು ದಾಟುವಷ್ಟು.

ಇಷ್ಟು ವರ್ಷ ಇದೊಂದೇ ಮಾತು ಹೇಳುತ್ತ ಬಂದಿದ್ದ ಪರಶುರಾಮನಿಗೆ ಆವಾಗ ಏನಾಯಿತೋ. "ಹಾಂಗಲ್ರೀ ಸರ್, ಇಂಜಿನ್ ಇನ್ನೂ ಚಲೋ ಐತ್ರಿ," ಅಂದ. "ತಗಡು ಹೊಡೀತೇನಿ, ಬ್ರೇಕ್ ನಾ ಹಾಕ್ತೇನಿ. ಇನ್ನೊಂದ ಸಲ ನೋಡೂಣ್ರಿ." ಸರ್ ಇಲ್ಲ ಎಂದು ಗೋಣು ಆಡಿಸಿದರು. ಲಕ್ವಾ ಹೊಡೆದ ಮೇಲೆ ಅವರ ಗೋಣು ಇಲ್ಲ ಎಂದದ್ದು ಅದೇ ಮೊದಲು.

ಪರಶುರಾಮ ಸ್ಟಿಯರಿಂಗ್ ಹಿಡಿದ, ನಾನು ಮತ್ತು ವೈನಿ ಹಿಂದಿನಿಂದ ನೂಕಿದೆವು. ಗೇಟು ದಾಟಿ, ಗಲ್ಲಿಗೆ ಇಳಿದು, ಗಾಡಿ ಎಡಕ್ಕೆ ಹೊರಳಿತು. ಸರ್ ಗೇಟಿನ ಕಂಬ ಹಿಡಿದು ನಿಂತು ಕಿವಿ ಕೊಟ್ಟಿದ್ದರು. ಬ್ಯಾಟರಿ ಸತ್ತು ಭಾಳ ದಿನವಾಗಿತ್ತು. ಹಾರ್ನ್ ಒದರಲಿಲ್ಲ.

ಟೆಂಪೊ ಹೋದ ಮೇಲೂ ಅವರು ನಿಂತೇ ಇದ್ದರು. ಹಿಂದೆ ಅಂಗಳ ಪೂರಾ ಖಾಲಿಯಾಗಿ, ಸಪಾಟಾಗಿ ಬಿದ್ದಿತ್ತು, ನಡುವೆ ಎಣ್ಣೆಯ ಒಂದು ಕಲೆ. ವೈನಿ ಕುರ್ಚಿ ತಂದಿಟ್ಟರು. ಸರ್ ಕುರ್ಚಿ ನೋಡಿದರು, ಕುಂದರಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತರು. ಯಾಕೆ ನಿಂತಿದ್ದಾರೆ ಎಂದು ತಿಳಿಯಲಿಕ್ಕೆ ನನಗೆ ಒಂದು ಗಳಿಗೆ ಹಿಡಿಯಿತು.

"ಬಂತ್ರೀ ಸರ್," ಅಂದೆ. "ಕುಂದರ್ರಿ."

ಸರ್ ಕುಂತರು.